ಮಣ್ಣು ಸಿಡಿಯದ ಹೆಲ್ಮೆಟ್

"ತಿರುಗಿಸಿದ್ದು ನಾನೇ ಅಕ್ಕ. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಬೀಳಿಸಿದ್ದು ಮಾತ್ರ ನಾನಲ್ಲ."

ಹೀಗೆಂದವನ ಎಡಗಾಲು ಮಂಚದ ಮೇಲಿನ ರಾಟೆಗೆ ನೇತುಬಿದ್ದಿತ್ತು. ಇಷ್ಟು ವರ್ಷ ಕ್ರೇನಿನ ಗೂಡಿನಲ್ಲಿ ಕೂತು ಊರ ಭಾರವನ್ನೆಲ್ಲ ಎತ್ತಿ ಇಳಿಸಿದವನನ್ನು ಆಸ್ಪತ್ರೆಯವರು ಒಂದು ಹಗ್ಗ, ಒಂದು ಮರಳಿನ ಚೀಲದಲ್ಲಿ ಎತ್ತಿ ಕಟ್ಟಿದ್ದರು.

ನಿನ್ನೆ ಬೆಳಿಗ್ಗೆ, ಹೊಳೆಗೆ ಅಡ್ಡಲಾಗಿ ಕಟ್ಟುತ್ತಿದ್ದ ನಡಿಗೆ ಸೇತುವೆಯ ನಡುತುಂಡು ಅವನ ಕ್ರೇನಿನಿಂದ ಕಳಚಿ ಬಿದ್ದು, ದಡದ ಕೆಸರನ್ನು ಮುಗಿಲಿಗೆ ಹಾರಿಸಿ, ಅವನ ಗೂಡನ್ನು ಡಬ್ಬಿಯ ಹಾಗೆ ಜಜ್ಜಿತ್ತು. ಯಾರ ತಪ್ಪು ಎಂಬ ಪ್ರಶ್ನೆ ಇನ್ನೂ ಪೂರ್ತಿ ಬಾಯಿಂದ ಹೊರಬೀಳುವ ಮೊದಲೇ ಉತ್ತರ ಸಿದ್ಧವಾಗಿತ್ತು: ಕ್ರೇನಿನವನು.

ಅಕ್ಕ ಕಿಟಕಿಯಿಂದ ಬಾಗಿಲಿಗೂ ಬಾಗಿಲಿನಿಂದ ಕಿಟಕಿಗೂ ಓಡಾಡುತ್ತಿದ್ದಳು. ಕೊರಳಿನ ದಾರದಲ್ಲಿ ಕಟ್ಟಿಕೊಂಡಿದ್ದ ಸಣ್ಣ ಕೀಲಿಯನ್ನು ಒಮ್ಮೆ ಬಲಕ್ಕೆ ಎಳೆಯುವಳು, ಒಮ್ಮೆ ಎಡಕ್ಕೆ.

"ಕೂತ್ಕೋ ಅಕ್ಕ. ನಿನ್ನ ನೋಡಿ ನನ್ನ ಕಾಲಿಗೂ ನಡೀಬೇಕು ಅನ್ನಿಸ್ತಿದೆ."

"ಯಾಕೆ ತಿರುಗಿಸಿದೆ? ಅದನ್ನ ಮೊದಲು ಹೇಳು."

"ಗಾಳಿ. ತುಂಡಿನ ಒಂದು ತುದಿಗೆ ಕಂಬಿ ಬದಲು ತಗಡು ಹೊದಿಸಿದ್ರಲ್ಲ, ಅದು ಹೊಳೆ ಕಡೆ ಇತ್ತು. ನೆಲ ಬಿಟ್ಟು ಮೊಣಕಾಲೆತ್ತರ ಏಳ್ತಿದ್ದ ಹಾಗೇ ಹಾಯಿ ಕಟ್ಟಿದ ದೋಣಿ ಥರ ಎಳೀತು. ಹಂಗೇ ಮೇಲಕ್ಕೆ ಒಯ್ದಿದ್ರೆ ಎಲ್ಲಿ ಹೋಗಿ ಬಡೀತಿತ್ತೋ. ಅದಕ್ಕೇ ಕೆಳಗಿನವರಿಗೆ ಹಗ್ಗ ಹಿಡಿಸಿ ಅರ್ಧ ಸುತ್ತು ತಿರುಗಿಸಿದೆ. ತಗಡಿನ ತುದಿ ದಡದ ಕಡೆಗೆ ಬಂತು, ಗಾಳಿ ಬಿಡ್ತು. ಎರಡು ತುದಿನೂ ಒಂದೇ ಅಳತೆ, ಹೇಗೆ ಕೂರಿಸಿದ್ರೂ ಕೂರುತ್ತೆ."

"ಆಮೇಲೆ?"

"ಆಮೇಲೆ ಹತ್ತು ಆಳೆತ್ತರಕ್ಕೆ ಹೋಗಿದ್ದೇ ತಡ, ತುಂಡನ್ನ ಕೊಕ್ಕೆಗೆ ಕಟ್ಟಿದ್ದ ಎರಡು ಬೆಲ್ಟಲ್ಲಿ ನನ್ನ ಕಡೇದು ಹರೀತು. ದಡದ ಕಡೇದು. ನನ್ನ ಮೂತಿ ಮೇಲೇ ಬಂತು."

ಅಕ್ಕ ನಿಂತಳು. "ದಡದ ಕಡೇದು. ಕೆಳಗಿಂದ ನಮಗೂ ಹಾಗೇ ಕಾಣ್ತು. ನೀನು ಸರಿಯಾಗಿ ನೋಡಿದೆ ತಾನೆ?"

"ಮೈ ಮೇಲೆ ಬಿದ್ದಿದ್ದನ್ನ ಇನ್ನೂ ಹೇಗೆ ನೋಡ್ಲಿ?" ತಮ್ಮ ನಕ್ಕ, ಕಾಲು ನೊಂದು ನಗುವನ್ನು ಅರ್ಧಕ್ಕೇ ನಿಲ್ಲಿಸಿದ. "ಹೊಳೆ ಕಡೆ ತುದಿ ಕೆಳಗೆ ದೋಣಿಯಲ್ಲಿ ಜನ ಇದ್ರು ಅಕ್ಕ. ಆ ತುದಿ ಬಿದ್ದಿದ್ರೆ ನೀನು ಇವತ್ತು ಬರ್ತಿದ್ದಿದ್ದು ಆಸ್ಪತ್ರೆಗಲ್ಲ."

ಅಷ್ಟರಲ್ಲಿ ತಮ್ಮನ ಹೆಂಡತಿ ಫ್ಲಾಸ್ಕ್ ಹಿಡಿದು ಒಳಗೆ ಬಂದಳು. ಇನ್ನೊಂದು ಕೈಯಲ್ಲಿ ಗಂಡನ ಫೋನು ಒದರುತ್ತಿತ್ತು. ಯಾರದೋ ನೆಂಟರದು, ನಾಲ್ಕು ಮಾತಾಡಿ ಇಟ್ಟಳು.

"ನಿನ್ನೆಯಿಂದ ಇದಕ್ಕೆ ಉಸಿರಾಡೋಕೂ ಬಿಡುವಿಲ್ಲ ಅತ್ತಿಗೆ. ಇವರು ಬೆಳಿಗ್ಗೆ ಮನೇಲೇ ಮರೆತು ಹೋಗಿದ್ರು, ನೋಡಿ. ನನ್ನ ಪಾಲಿಗೆ ಬಂತು." ಆಮೇಲೆ ದನಿ ತಗ್ಗಿಸಿ, "ಅತ್ತಿಗೆ, ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದಳು.

"ಬಂದ್ಮೇಲೆ ಹೇಳಮ್ಮ. ಸಂಜೆಯೊಳಗೆ ನಾನು ಸೈಟಲ್ಲಿ ಒಂದಿಷ್ಟು ನೋಡ್ಬೇಕು." ಅಕ್ಕ ಆಗಲೇ ಹೊಸಿಲಲ್ಲಿದ್ದಳು. ತಿರುಗಿ ತಮ್ಮನಿಗೆ ಬೆರಳು ತೋರಿಸಿದಳು. "ಯಾರು ಏನೇ ಕಾಗದ ತಂದ್ರೂ ಸಹಿ ಹಾಕ್ಬೇಡ. ತಿಳೀತಾ?"

"ಸಹಿ ಹಾಕಿದ್ರೆ ಆಸ್ಪತ್ರೆ ಖರ್ಚೆಲ್ಲ ಕಂಪನೀದು ಅಂತಾರೆ."

"ಹಾಕಿದ್ರೆ ಲೈಸೆನ್ಸ್ ಹೋಗುತ್ತೆ, ಕೇಸ್ ಬರುತ್ತೆ. ಕಾಲು ಮುರಿದಿದೆ, ಕೈನೂ ಮುರ್ಕೋಬೇಡ."

ಮುಂದೆ ಬರಬಹುದಾದ ಕೆಡುಕನ್ನೆಲ್ಲ ಕಿವಿಗೊಟ್ಟು ಕೇಳುವುದೇ ಅವಳ ಕಸುಬು. ಎದುರಿಗೆ ಬಂದು ನಿಂತಿದ್ದ ಒಂದು ಮಾತನ್ನು ಮಾತ್ರ ಕೇಳದೆ ಹೊರಟುಹೋದಳು.

*

ಕಸುಬೆಂದೆನಲ್ಲ, ಅದೇನೆಂದು ಹೇಳಿಬಿಡಬೇಕು. ಸೇತುವೆ ಕಟ್ಟುವ ಕಂಪನಿಯಲ್ಲಿ ಕಟ್ಟುವವರು ಬಹಳ ಜನ. ಏನೇನು ಕೆಡಬಹುದು ಎಂದು ಯೋಚಿಸುವುದಕ್ಕೆ ಸಂಬಳ ಪಡೆಯುವವಳು ಇವಳೊಬ್ಬಳೇ. ಹುದ್ದೆಯ ಹೆಸರು ಉದ್ದವಾಗಿತ್ತು, ಬಾಗಿಲ ಫಲಕದಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಸೈಟಿನವರು ಅದನ್ನು ಒಂದೇ ಪದಕ್ಕೆ ಇಳಿಸಿ ಗೂಬೆ ಮೇಡಂ ಎಂದು ಕರೆದರು. ಕೆಟ್ಟದ್ದಾದರೆ, ಗೂಬೆ ಮೊದಲೇ ಕೂಗಿತ್ತು ಎನ್ನುವರು; ಆಗದಿದ್ದರೆ, ಈ ಗೂಬೆಗ್ಯಾಕೆ ಸಂಬಳ ಎನ್ನುವರು. ಅಂಥ ಕೆಲಸ.

ಅವಳು ಮೂರು ಪದ್ಧತಿಗಳನ್ನು ತಂದಿದ್ದಳು. ಮೂರನ್ನೂ ಜನ ಬೈದುಕೊಂಡೇ ಪಾಲಿಸುತ್ತಿದ್ದರು.

ಮೊದಲನೆಯದು, ಸೋಮವಾರದ ಸಭೆ. ಎಲ್ಲರೂ ಮೇಜಿನ ಸುತ್ತ ಕೂತು, ಸೇತುವೆ ಆಗಲೇ ಸತ್ತಿದೆ ಎಂದುಕೊಳ್ಳಬೇಕು. ಹೇಗೆ ಸತ್ತಿತು ಎಂದು ಒಬ್ಬೊಬ್ಬರೂ ಒಂದೊಂದು ಕಥೆ ಹೇಳಬೇಕು. ನಗುವಂತಿಲ್ಲ, ಬರೆದುಕೊಳ್ಳುವಂತಿಲ್ಲ. ಬರೆದುಕೊಂಡರೆ ಯಾರೂ ನಿಜವಾದ ಭಯ ಹೇಳುವುದಿಲ್ಲ ಎಂದು ಅವಳ ವಾದ. ಕಥೆ ಮುಗಿದ ಮೇಲೆ ಹೇಳಿದವನಿಗೆ ಇನ್ನೊಂದು ಪ್ರಶ್ನೆ: ಈ ಸಾವಿನಿಂದ ಯಾರಿಗೆ ಲಾಭ? ಅಪಾಯ, ಅವಕಾಶ ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಮ್ಮ, ಒಂದನ್ನು ಕರೆದರೆ ಇನ್ನೊಂದು ಹಿಂದೆಯೇ ಬರುತ್ತದೆ ಎನ್ನುವಳು. ಸೈಟಿನವರು ಇದಕ್ಕೆ ಶೋಕಸಭೆ ಎಂದು ಹೆಸರಿಟ್ಟಿದ್ದರು.

ಎರಡನೆಯದು, ಹೇಳದೆ ಕೇಳದೆ ನಡೆಸುವ ಪರೀಕ್ಷೆ. ಸುಮ್ಮನೆ ಒಂದು ದಿನ ಫೋನ್ ಮಾಡಿ "ಗೋದಾಮಿಗೆ ಬೆಂಕಿ ಬಿದ್ದಿದೆ" ಎನ್ನುವಳು. ಯಾರು ಓಡುತ್ತಾರೆ, ಯಾರು ಕಾಫಿ ಮುಗಿಸಿ ಏಳುತ್ತಾರೆ ಎಂದು ನೋಡುವಳು.

ಮೂರನೆಯದು, ಫೋನಿನ ಪೆಟ್ಟಿಗೆ. ಭಾರ ಎತ್ತುವ ದಿನ ದಡದಲ್ಲಿರುವ ಪ್ರತಿಯೊಬ್ಬರೂ, ಸೈಟಿನ ಮುಖ್ಯಸ್ಥರಾದ ಚೀಫ್ ಸಾಹೇಬರೂ ಸೇರಿ, ಫೋನನ್ನು ಪೆಟ್ಟಿಗೆಯಲ್ಲಿ ತಮ್ಮ ತಮ್ಮ ಗೂಡಿಗೆ ಹಾಕಬೇಕು. ತಲೆ ಮೇಲೆ ಉಕ್ಕು ತೂಗುವಾಗ ಅಂಗೈ ನೋಡುವವರು ಬೇಡ. ಆ ಪೆಟ್ಟಿಗೆಯ ಕೀಲಿಯೇ ಅವಳ ಕೊರಳಲ್ಲಿದ್ದದ್ದು.

ಹೋದ ಸೋಮವಾರದ ಶೋಕಸಭೆಯಲ್ಲಿ ಒಂದು ಸಾವಿನ ಕಥೆ ಹೀಗಿತ್ತು: ಯಾರೋ ಹೊಳೆ ಕಡೆಯ ಬೆಲ್ಟನ್ನು ಅರ್ಧಕ್ಕೆ ಕೊಯ್ದಿಟ್ಟಿರುತ್ತಾರೆ. ನೆಲದಲ್ಲಿ ಎಳೆದು ನೋಡಿದರೆ ಹಿಡಿಯುತ್ತದೆ, ಮೇಲೆ ಹೋದ ಮೇಲೆ ಹರಿಯುತ್ತದೆ, ತುಂಡು ಹೊಳೆಗೆ ಬೀಳುತ್ತದೆ.

ಆ ಕಥೆ ಹೇಳಿದವನು ಪಂಚಾಂಗ.

ಯಾವ ದಿನ ಯಾವ ಕೆಲಸ ಎಂದು ಗೋಡೆಯ ಮೇಲೆ ಬಣ್ಣದ ಪಟ್ಟಿ ಅಂಟಿಸುವ ಪ್ಲಾನಿಂಗ್ ಎಂಜಿನಿಯರ್ ಅವನು. ಮುಂದಿನ ವರ್ಷದ ಕಾಂಕ್ರೀಟಿಗೂ ಇಂದೇ ಮುಹೂರ್ತ ಇಡುತ್ತಿದ್ದುದರಿಂದ ಆ ಹೆಸರು. ಯಾರಿಗೆ ಲಾಭ ಎಂದು ಕೇಳಿದಾಗ, "ಗಡುವು ತಪ್ಪಿದವರಿಗೆಲ್ಲ ಲಾಭ ಮೇಡಂ. ಅಪಘಾತ ಆದ್ರೆ ತಡ ಯಾಕಾಯ್ತು ಅಂತ ಯಾರೂ ಕೇಳಲ್ಲ" ಎಂದಿದ್ದ. ನಗುವಂತಿಲ್ಲ ಎಂಬ ನಿಯಮ ಅಂದು ಮುರಿದುಬಿದ್ದಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚೀಫ್ ಸಾಹೇಬರು.

ಗೂಬೆ ಮೇಡಂ ನಗಲಿಲ್ಲ. ಮರುದಿನ ಎರಡೂ ಬೆಲ್ಟುಗಳನ್ನು ಬಿಸಿಲಿಗೆ ಹಾಸಿ, ಅಂಗುಲ ಅಂಗುಲ ಕೈಯಾಡಿಸಿ ನೋಡಿದ್ದಳು. ಕೂದಲೆಳೆಯಷ್ಟೂ ಊನವಿರಲಿಲ್ಲ.

*

ಸೈಟಿನ ಗೇಟಿನಿಂದ ದಡದವರೆಗೆ ಕೆಂಪು ಪಟ್ಟಿ ಕಟ್ಟಿದ್ದರು, ಹತ್ತು ಹೆಜ್ಜೆಗೊಂದು "ಎಚ್ಚರಿಕೆ" ಫಲಕ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಕಂಪನಿಗಳಷ್ಟು ಚುರುಕು ಯಾರೂ ಇಲ್ಲ.

ಹರಿದ ಬೆಲ್ಟು ಟಾರ್ಪಾಲಿನ ಮೇಲೆ ಬಿದ್ದಿತ್ತು. ಅವಳು ಮೊಣಕಾಲೂರಿ ಕೂತು ಕೆಸರನ್ನು ಒರೆಸಿದಳು. ಅರ್ಧ ಅಗಲದವರೆಗೆ ಹರಿದ ಬಾಯಿ ಸಿಪ್ಪೆ ಸುಲಿದ ನಾರಿನ ಹಾಗೆ ಚಿಂದಿ. ಉಳಿದರ್ಧ ನೇರ, ನುಣುಪು. ಹೊಸ ಬ್ಲೇಡಿನ ಕೆಲಸ.

ಕೊಯ್ದಿದ್ದಾರೆ. ಕಥೆಯಲ್ಲಿ ಹೇಳಿದ ಹಾಗೆಯೇ.

ಬೆಲ್ಟಿನ ತುದಿಯಲ್ಲಿ ಅಂಗೈಯಗಲ ನೀಲಿ ಬಣ್ಣ ಬಳಿದಿತ್ತು. ದಡದ ಕಡೆಯದಕ್ಕೆ ಕೆಂಪು, ಹೊಳೆ ಕಡೆಯದಕ್ಕೆ ನೀಲಿ.

"ಅದನ್ನೇ ನಾನೂ ಹೇಳೋದು ಮೇಡಂ." ಹಿಂದಿನಿಂದ ಚೀಫ್ ಸಾಹೇಬರ ದನಿ ಬಂತು. "ನೀಲಿ ಹೊಳೆ ಕಡೆ ಇರಬೇಕು. ಸಿಕ್ಕಿದ್ದು ದಡದ ಕಡೆ. ಅಂದ್ರೆ ನಿಮ್ಮ ತಮ್ಮ ಯಾರನ್ನೂ ಕೇಳದೆ ತುಂಡು ತಿರುಗಿಸಿದ. ಬೆಲ್ಟ್ ತಿರುಚಿಕೊಂಡು ಹರೀತು. ನನಗೂ ಬೇಜಾರೇ."

ಚೀಫ್ ಸಾಹೇಬರು ದುಂಡಗಿನ, ಹಸನ್ಮುಖದ ಮನುಷ್ಯ. ಸಿಮೆಂಟು ಬರಲಿಲ್ಲವೆಂದರೂ, ಕಂಬ ಓರೆಯಾಯಿತೆಂದರೂ, ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ಆಗೋಗುತ್ತೆ ಬಿಡಿ. ಅವರ ಕೈಕೆಳಗೆ ಹಾಗೆ ಆಗಿಹೋದ ಕೆಲಸ ಯಾವುದೂ ಇರಲಿಲ್ಲ, ಮಾತು ಮಾತ್ರ ಸವೆದಿರಲಿಲ್ಲ.

"ಇದು ತಿರುಚಿಕೊಂಡು ಹರಿದಿದ್ದಲ್ಲ ಸಾರ್. ಕೊಯ್ದಿರೋದು. ನೋಡಿ, ಇಲ್ಲಿ."

ಅವರು ಬಗ್ಗಲಿಲ್ಲ. ಅವರ ಹೊಟ್ಟೆಗೆ ಬಗ್ಗುವುದು ಕಷ್ಟವೂ ಹೌದು. "ಕಲ್ಲಿಗೆ ಉಜ್ಜಿದ್ರೂ ಹಂಗೇ ಕಾಣುತ್ತೆ. ನಾಳೆ ಬೆಳಿಗ್ಗೆ ಮೇಲಿನವರು ಬರ್ತಾರೆ. ಅಷ್ಟರಲ್ಲಿ ನಿಮ್ಮ ತಮ್ಮಂದು ಒಂದು ಹೇಳಿಕೆ ಇದ್ರೆ ಎಲ್ಲರಿಗೂ ಹಗುರ. ನಾನೇ ಹೋಗಿ ಮಾತಾಡಿಸ್ಕೊಂಡು ಬರ್ತೀನಿ. ಬರಿಗೈಲಿ ಹೋಗಲ್ಲ, ಕಿತ್ತಳೆ ತಗೊಂಡೇ ಹೋಗ್ತೀನಿ."

"ನನ್ನ ತಮ್ಮನ ತಲೆ ಮೇಲೆ ಗೂಬೆ ಕೂರಿಸೋಕೆ ಕಿತ್ತಳೆ ಹಣ್ಣಾ ಸಾರ್?"

"ಗೂಬೆ ಅಂತ ನೀವೇ ಅಂದ್ರಿ, ನಾನನ್ನಲಿಲ್ಲ." ಸಾಹೇಬರು ನಕ್ಕರು. "ತಲೆ ಕೆಡಿಸ್ಕೋಬೇಡಿ. ಆಗೋಗುತ್ತೆ ಬಿಡಿ."

ಅವರ ಕಾರು ಗೇಟು ದಾಟುವವರೆಗೂ ನೋಡುತ್ತ ನಿಂತಳು. ಆಮೇಲೆ ಟಾರ್ಪಾಲಿನ ಮೇಲಿನ ನೀಲಿ ಬಣ್ಣವನ್ನು ನೋಡಿದಳು.

ಕೊಯ್ದವನು ಹೊಳೆ ಕಡೆಯ ಬೆಲ್ಟನ್ನೇ ಕೊಯ್ದಿದ್ದ. ತಮ್ಮ ತಿರುಗಿಸುತ್ತಾನೆಂದು ಅವನಿಗೆ ಗೊತ್ತಿರಲಿಲ್ಲ. ತಮ್ಮನಿಗೇ ಗಾಳಿ ಬಡಿಯುವವರೆಗೆ ಗೊತ್ತಿರಲಿಲ್ಲ. ತಿರುಗಿಸಿದ್ದನ್ನು ಕಂಡವರು, ನಿನ್ನೆ ದಡದಲ್ಲಿ ನಿಂತಿದ್ದವರು ಮಾತ್ರ. ದಡದ ತುದಿ ಮೊದಲು ಬಿತ್ತು ಎಂದು ಅವರೆಲ್ಲರೂ ಹೇಳುತ್ತಾರೆ.

ಹಾಗಾದರೆ ಹೊಳೆ ಕಡೆಯದೇ ಹರಿಯಿತು ಎಂದು ಹೇಳುವವನು ಯಾರು?

ಅವಳು ಬಟ್ಟೆಗೆ ಮೆತ್ತಿದ ಕೆಸರನ್ನೂ ಕೊಡವದೆ ಪಂಚಾಂಗ ಕೂರುವ ಶೆಡ್ಡಿನ ಕಡೆ ನಡೆದಳು. ನಡೆದಳು ಎಂದರೆ ಸುಳ್ಳಾಗುತ್ತದೆ, ಓಡುವುದೊಂದು ಬಾಕಿ.

*

ಶೆಡ್ಡಿನ ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆ, ಮೊಳೆಗೊಂದು ಹೆಲ್ಮೆಟ್. ತುಂಡು ಬಿದ್ದ ರಭಸಕ್ಕೆ ನಿನ್ನೆ ದಡದಲ್ಲಿದ್ದವರೆಲ್ಲರ ತಲೆಯ ಮೇಲೂ ಕೆಸರಿನ ಮಳೆ ಸುರಿದಿತ್ತು. ತೊಳೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಒಣಗಿದ ಕೆಸರಿನಲ್ಲಿ ಹಳದಿಯೂ ಒಂದೇ, ಬಿಳಿಯೂ ಒಂದೇ. ಅವಳದ್ದೂ ಅಲ್ಲೇ ತೂಗುತ್ತಿತ್ತು, ಹುತ್ತದ ತುಂಡಿನ ಹಾಗೆ.

ಕೊನೆಯ ಮೊಳೆಯಲ್ಲಿದ್ದ ಪಂಚಾಂಗನ ಹೆಲ್ಮೆಟ್ ಮಾತ್ರ ಮದುವೆಗೆ ಹೊರಟಂತಿತ್ತು.

ಅವಳು ಅದನ್ನು ತೆಗೆದಳು, ತಿರುಗಿಸಿ ನೋಡಿದಳು. ಒಳಪಟ್ಟಿಯ ಮೇಲೆ ತಿಂಗಳುಗಳ ಧೂಳು ಹಾಗೇ ಕೂತಿತ್ತು. ತೊಳೆದದ್ದಲ್ಲ. ಹೊರಗೆ ಒಂದು ಚುಕ್ಕೆ ಕೆಸರಿಲ್ಲ. ಬಗಲಲ್ಲಿಟ್ಟುಕೊಂಡು ಒಳಗೆ ಹೋದಳು.

ಪಂಚಾಂಗ ಗೋಡೆಯ ಮುಂದೆ ನಿಂತು ಒಂದು ಕೆಂಪು ಪಟ್ಟಿಯನ್ನು ಕಿತ್ತು, ಎಲ್ಲಿ ಅಂಟಿಸಬೇಕೆಂದು ತಿಳಿಯದೆ ಬೆರಳಿಗೇ ಅಂಟಿಸಿಕೊಂಡಿದ್ದ. ಸಣಕಲು ಮನುಷ್ಯ. ನಿದ್ದೆಗೆಟ್ಟ ಕಣ್ಣು.

"ಬನ್ನಿ ಮೇಡಂ. ನಿಮ್ಮ ತಮ್ಮ ಹೇಗಿದಾರೆ?"

"ಮಲಗಿದಾನೆ. ನಿನ್ನೆ ನೀವು ಎಲ್ಲಿದ್ರಿ?"

"ಎಲ್ಲಿದ್ದೆ ಅಂದ್ರೆ? ದಡದಲ್ಲೇ. ಜನರೇಟರ್ ಪಕ್ಕ." ಅವಳು ಕೇಳದಿದ್ದರೂ ಅವನು ನಿಲ್ಲಿಸಲಿಲ್ಲ. "ಕಣ್ಣಾರೆ ನೋಡಿದೆ ಮೇಡಂ. ಏನು ಹೇಳೋದು. ಹೊಳೆ ಕಡೆ ಬೆಲ್ಟ್ ಹರೀತು, ಹೊಳೆ ಕಡೆ ತುದಿ ಜಗ್ತು, ಆಮೇಲೆ ಎಲ್ಲ ಮುಗೀತು."

ಗೂಬೆ ಮೇಡಂ ಹೆಲ್ಮೆಟನ್ನು ಮೇಜಿನ ಮೇಲಿಟ್ಟಳು, ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ.

"ಜನರೇಟರ್ ಪಕ್ಕ ಇದ್ದವರಿಗೆ ಕಣ್ಣಲ್ಲಿ, ಬಾಯಲ್ಲಿ ಎಲ್ಲ ಕೆಸರು. ನಿಮ್ಮೊಬ್ಬರ ಮೇಲೆ ದೇವರು ಕೊಡೆ ಹಿಡಿದಿದ್ನಾ?"

"ತೊಳ್ದೆ ಮೇಡಂ."

"ಹೊರಗೆ ತೊಳೆದು ಒಳಗಿನ ಧೂಳನ್ನ ಹಾಗೇ ಬಿಟ್ರಾ?" ಅವಳು ಕುರ್ಚಿ ಎಳೆದುಕೊಂಡಳು, ಕೂರಲಿಲ್ಲ. "ಇನ್ನೊಂದು. ನಿನ್ನೆ ನಾನು ಪೆಟ್ಟಿಗೆ ತೆಗೆದಾಗ ಎಲ್ಲರ ಫೋನೂ ಒಂದೇ ಸಮ ಒದರ್ತಿತ್ತು. ಸುದ್ದಿ ಕೇಳಿ ಹೆಂಡತಿ, ಅಮ್ಮ, ಅತ್ತೆ, ಎಲ್ಲರೂ ಮಾಡ್ತಿದ್ರು. ನಿಮ್ಮ ಗೂಡಿನಲ್ಲಿದ್ದ ಫೋನ್ ಒಂದೇ ಸತ್ತು ಬಿದ್ದಿತ್ತು. ನಿಮ್ಮ ಮನೇಲಿ ಯಾರಿಗೂ ನಿಮ್ಮ ಮೇಲೆ ಪ್ರೀತಿ ಇಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಂಚಾಂಗ ಜೇಬು ಮುಟ್ಟಿಕೊಂಡ.

"ಅದು ಹಳೇ ಫೋನು" ಎಂದ ಕೊನೆಗೆ.

"ಅಸಲಿದು ನಿಮ್ಮ ಜೇಬಲ್ಲಿತ್ತು. ನೀವು ದಡದಲ್ಲಿರಲಿಲ್ಲ. ಇದ್ದಿದ್ರೆ ದಡದ ಕಡೆ ತುದಿ ಮೊದಲು ಬಿದ್ದಿದ್ದನ್ನ ನೋಡ್ತಿದ್ರಿ. ನನ್ನ ತಮ್ಮ ಗಾಳಿಗೆ ತುಂಡು ತಿರುಗಿಸಿದ. ಅಲ್ಲಿದ್ದವರಿಗೆಲ್ಲ ಗೊತ್ತು. ಹೊಳೆ ಕಡೆ ಬೆಲ್ಟ್ ಹರಿಯುತ್ತೆ ಅಂತ ಗೊತ್ತಿದ್ದದ್ದು ಅದನ್ನ ಕೊಯ್ದವನಿಗೆ ಮಾತ್ರ."

ಪಂಚಾಂಗ ಕೂತ. ಅವಳು ತನಗೆಂದು ಎಳೆದುಕೊಂಡಿದ್ದ ಕುರ್ಚಿಯಲ್ಲೇ.

"ಹೋದ ಸೋಮವಾರ ಕಥೆ ಕಟ್ಟಿದ್ರಿ. ನಿನ್ನೆ ಅದನ್ನೇ ಆಡಿ ತೋರಿಸಿದ್ರಿ. ಯಾರಿಗೆ ಲಾಭ ಅಂತಾನೂ ನೀವೇ ಹೇಳಿದ್ರಿ. ಈ ಗೋಡೆ ಮೇಲಿನ ಪಟ್ಟಿಗಳೆಲ್ಲ ಸುಳ್ಳು ಅಂತ ನನಗೆ ಗೊತ್ತಿಲ್ವಾ? ಎಷ್ಟು ಹಿಂದೆ ಬಿದ್ದಿದೀವಿ?"

"ಬಹಳ ಹಿಂದೆ" ಎಂದ ಅವನು, ತಗ್ಗಿದ ದನಿಯಲ್ಲಿ. "ನಾನು ಪಟ್ಟಿ ಜರುಗಿಸೋಕೆ ಹೋದಾಗಲೆಲ್ಲ, ಆಗೋಗುತ್ತೆ ಬಿಡ್ರೀ, ಮುಟ್ಟಬೇಡಿ ಅಂತಿದ್ರು. ಗಡುವಿನ ದಿನ ನನ್ನ ತಲೆ ಹೋಗ್ತಿತ್ತು. ಹೌದು ಮೇಡಂ, ಅಪಘಾತದಿಂದ ನನಗೂ ಲಾಭ. ಕಥೆ ನನ್ನದೇ. ಕೆಲಸ ನನ್ನದಲ್ಲ."

"ಹಾಗಾದ್ರೆ ನಿನ್ನೆ ಎಲ್ಲಿದ್ರಿ?"

ಅವನು ಬೆರಳಿಗಂಟಿದ ಕೆಂಪು ಪಟ್ಟಿಯನ್ನು ಬಿಡಿಸಿದ. ಅದು ಇನ್ನೊಂದು ಬೆರಳಿಗಂಟಿತು.

"ಇಂಟರ್‌ವ್ಯೂಗೆ ಹೋಗಿದ್ದೆ."

"ಏನು?"

"ಬೇರೆ ಕಂಪನಿ. ಊರಿನ ಆ ತುದೀಲಿ. ಅಪಾಯ ಇದ್ದ ಕಡೆ ಅವಕಾಶ ಹುಡುಕಿ ಅಂತ ನೀವೇ ಹೇಳ್ತಿದ್ರಲ್ಲ. ಹುಡುಕಿದೆ."

ಗೂಬೆ ಮೇಡಂಗೆ ಜೀವನದಲ್ಲಿ ಮೊದಲ ಬಾರಿಗೆ ತನ್ನ ಪಾಠವನ್ನು ಒಬ್ಬನಾದರೂ ಕೇಳಿಸಿಕೊಂಡಿದ್ದಾನೆಂದು ತಿಳಿಯಿತು. ಸಂತೋಷಪಡುವ ಹೊತ್ತು ಅದಲ್ಲ.

"ಅಲ್ಲಿ ಕೂತಿದ್ದವರಿಗೆ ಹೊಳೆ ಕಡೆ ಬೆಲ್ಟಿನ ವಿಷಯ ಹೇಗೆ ಗೊತ್ತಾಯ್ತು?"

ಪಂಚಾಂಗ ಅವಳ ಮುಖವನ್ನು ಒಂಥರಾ ನೋಡಿದ. ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿದ ಮೇಲೆ, ಆಕೆ ತನ್ನ ಮೇಷ್ಟರ ಹೆಂಡತಿ ಎಂದು ಗೊತ್ತಾದವನ ಹಾಗೆ.

"ಮೇಡಂ, ನೀವು ನನ್ನನ್ನ ಇನ್ನೂ ಪರೀಕ್ಷೆ ಮಾಡ್ತಿದೀರಾ?"

"ಏನು ಪರೀಕ್ಷೆ?"

"ನೀವೇ ಅಲ್ವಾ ಫೋನ್ ಮಾಡಿದ್ದು?"

ಹೊರಗೆ ಯಾರ ಕೈಯಿಂದಲೋ ಕಬ್ಬಿಣದ ಕೊಳವೆ ಜಾರಿ ಬಿದ್ದ ಸದ್ದಾಯಿತು. ಇಬ್ಬರೂ ಬೆಚ್ಚಿದರು.

"ಸರಿಯಾಗಿ ಹೇಳಿ" ಎಂದಳು.

"ನಾನು ಇನ್ನೇನು ಒಳಗೆ ಹೋಗ್ಬೇಕು, ಫೋನ್ ಬಂತು. ನಂಬರ್ ನಿಮ್ಮ ತಮ್ಮಂದು. ಕ್ರೇನ್ ಅಂತ ಹಾಕ್ಕೊಂಡಿದೀನಿ. ಎತ್ತಿದ್ರೆ ಹೆಂಗಸಿನ ದನಿ. ಹೊಳೆ ಕಡೆ ಬೆಲ್ಟ್ ಕೊಯ್ದಿದಾರಂತೆ, ಎತ್ತಬೇಡಿ ಅಂತ ಹೇಳಿ, ನಿಲ್ಲಿಸಿ, ನಿಲ್ಲಿಸಿ ಅಂತ ಒಂದೇ ಸಮ ಕೂಗಿದ್ರು. ಸೈಟಲ್ಲಿ ಇರೋ ಹೆಂಗಸು ನೀವೊಬ್ರೇ. ಅದೂ ನಾನು ಸೋಮವಾರ ಹೇಳಿದ ಕಥೆನೇ, ಪದ ಪದ. ನಾನು ಫೋನ್ ಜೇಬಲ್ಲಿಟ್ಕೊಂಡು ಸೈಟಿಂದ ಜಾರಿದ್ದು ನಿಮಗೆ ಗೊತ್ತಾಗಿದೆ, ಪರೀಕ್ಷೆ ಮಾಡ್ತಿದೀರಾ ಅಂದ್ಕೊಂಡೆ."

"ಅಂದ್ಕೊಂಡು?"

"ಒಳಗೆ ಹೋದೆ."

"ಸೈಟ್ ಆಫೀಸಿಗೆ ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಮಾಡಿದ್ರೆ ಎಲ್ಲಿದೀರಿ ಅಂತ ಕೇಳ್ತಿದ್ರು." ಅವನು ಕೆಂಪು ಪಟ್ಟಿಯನ್ನು ಮುದ್ದೆ ಮಾಡಿದ. "ಅಲ್ಲಿ ಒಳಗೆ ಮೂರು ಪ್ರಶ್ನೆ ಕೇಳಿದ್ರು ಮೇಡಂ. ಮೂರನೇದಕ್ಕೆ ನನಗೆ ತಡೀಲಿಲ್ಲ, ಎದ್ದು ಬಂದೆ. ಗೇಟ್ ಹತ್ರ ಬಂದಾಗ ಸೈರನ್ ಊದ್ತು. ಆಮೇಲೆ ಬಿದ್ದಿದ್ದನ್ನ ನೋಡಿ ಅಲ್ಲೇ ಇದ್ದೆ ಅಂತ ಹೇಳ್ಬಿಟ್ಟೆ. ಯಾವ ಕಡೆ ಬಿತ್ತು ಅಂತ ಯಾರನ್ನಾದ್ರೂ ಹೇಗೆ ಕೇಳ್ಲಿ? ಫೋನಲ್ಲಿ ಕೇಳಿದ್ದನ್ನೇ ಹೇಳಿದೆ."

ತೋಳ ಬಂತು ತೋಳ ಎಂದು ಎಷ್ಟೋ ಸಲ ಕೂಗಿದ್ದವಳು ಅವಳೇ. ನಿನ್ನೆ ಅವಳು ಕೂಗಿರಲಿಲ್ಲ, ತೋಳ ಬಂದಿತ್ತು.

"ನನ್ನ ಫೋನ್ ಪೆಟ್ಟಿಗೇಲಿತ್ತು" ಎಂದಳು. "ನನ್ನ ತಮ್ಮಂದು..."

ತಮ್ಮನದು ಪೆಟ್ಟಿಗೆಯಲ್ಲಿರಲಿಲ್ಲ. ಅವನ ಗೂಡು ಖಾಲಿಯಿತ್ತು. ಮರೆತು ಬಂದೆ ಎಂದು ಅವನೇ ಹೇಳಿ ಕ್ರೇನಿನ ಮೆಟ್ಟಿಲು ಹತ್ತಿದ್ದ.

ಇವರು ಬೆಳಿಗ್ಗೆ ಮನೇಲೇ ಮರೆತು ಹೋಗಿದ್ರು, ನೋಡಿ. ನನ್ನ ಪಾಲಿಗೆ ಬಂತು.

ಅವಳು ತನ್ನ ಫೋನ್ ತೆಗೆದು ತಮ್ಮನ ನಂಬರ್ ಒತ್ತಿದಳು. ಸ್ಪೀಕರಿಗೆ ಹಾಕಿ, ಮಣ್ಣಿಲ್ಲದ ಹೆಲ್ಮೆಟಿನ ಪಕ್ಕ ಇಟ್ಟಳು. "ಬಾಯಿ ಬಿಡಬೇಡಿ" ಎಂದು ಪಂಚಾಂಗನಿಗೆ ಬೆರಳು ತೋರಿಸಿದಳು.

"ಹೇಳಿ ಅತ್ತಿಗೆ."

ಎರಡೇ ಪದ. ಪಂಚಾಂಗ ಕಣ್ಣರಳಿಸಿ, ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಇದೇ ದನಿ.

"ನಿನ್ನೆ ನಮ್ಮ ಪ್ಲಾನಿಂಗಿನವರಿಗೆ ಫೋನ್ ಮಾಡಿದ್ದು ನೀನಾ?"

ಆ ಕಡೆಯಿಂದ ಬಂದದ್ದು ಅಳುವಲ್ಲ, ಕೋಪವೂ ಅಲ್ಲ.

"ಮೊದಲು ನಿಮಗೇ ಮಾಡಿದ್ದೆ ಅತ್ತಿಗೆ. ಮಾಡಿ ಮಾಡಿ ಸಾಕಾಯ್ತು. ನೀವು ಎತ್ತಲೇ ಇಲ್ಲ. ಇವರ ಫೋನಲ್ಲಿ ಸೈಟಿನವರು ಅಂತ ಯಾರ್ಯಾರಿದ್ರೋ ಎಲ್ಲರಿಗೂ ಮಾಡಿದೆ. ಎತ್ತಿದ್ದು ಅವರೊಬ್ರೇ."

ಗೂಬೆ ಮೇಡಂ ಕೈ ಕೊರಳಿನ ಕೀಲಿಯನ್ನು ಹಿಡಿಯಿತು. ನಿನ್ನೆ ಪೆಟ್ಟಿಗೆ ತೆಗೆದಾಗ ತನ್ನ ಫೋನಿನ ತುಂಬ ತಮ್ಮನ ನಂಬರೇ ಇತ್ತು. ಸುದ್ದಿ ಕೇಳಿ ಗಾಬರಿಯಿಂದ ಮಾಡಿದ್ದಾಳೆ ಎಂದುಕೊಂಡು, ಯಾವಾಗ ಮಾಡಿದ್ದೆಂದು ಕೂಡ ನೋಡಿರಲಿಲ್ಲ.

"ನಿನಗೆ ಯಾರು ಹೇಳಿದ್ದು? ಬೆಲ್ಟ್ ಕೊಯ್ದಿರೋದು ನಿನಗೆ ಹೇಗೆ ಗೊತ್ತಾಯ್ತು?"

"ಇವರು ಮನೆ ಬಿಟ್ಟ ಸ್ವಲ್ಪ ಹೊತ್ತಿಗೆ ಇವರ ಫೋನಿಗೆ ಒಂದು ಕಾಲ್ ಬಂತು. ನಂಬರ್ ತೋರಿಸ್ಲಿಲ್ಲ. ನಾನು ಎತ್ತಿ ಇನ್ನೂ ಹಲೋ ಅಂದಿರಲಿಲ್ಲ, ಆ ಕಡೆಯಿಂದ ಅಂದ್ರು: ಇವತ್ತು ಹುಷಾರಿಲ್ಲ ಅಂತ ಮನೇಲೇ ಮಲಗಿಬಿಡು, ಬೇರೆಯವನು ಎತ್ತಲಿ, ಹೊಳೆ ಕಡೆ ಬೆಲ್ಟ್ ಕೊಯ್ದಿದೆ. ನಾನು ಯಾರು ಅಂತ ಕೇಳಿದ್ದಕ್ಕೆ ಇಟ್ಟುಬಿಟ್ರು. ಇದನ್ನೇ ಬೆಳಿಗ್ಗೆ ಹೇಳ್ಬೇಕು ಅಂತಿದ್ದೆ. ಬಂದ್ಮೇಲೆ ಅಂದ್ರಿ."

"ಗಂಡಸಾ?"

"ಗಂಡಸು."

"ದನಿ ಗುರುತು ಸಿಕ್ತಾ?"

"ಇಲ್ಲ ಅತ್ತಿಗೆ. ಸೈಟಿನವರನ್ನ ನಾನು ಯಾರನ್ನ ನೋಡಿದೀನಿ? ಆದ್ರೆ ಇನ್ನೊಂದು ಸಲ ಕೇಳಿದ್ರೆ ಬಿಡಲ್ಲ. ಮುಚ್ಚಿದ ಬಾಗಿಲ ಹಿಂದೆ ಮಾತಾಡಿದ್ರೂ..."

ಫೋನಿನೊಳಗೆ ಒಂದು ಬಾಗಿಲು ಕಿರುಗುಟ್ಟಿತು. ಚೀಲವೊಂದನ್ನು ಮೇಜಿನ ಮೇಲೆ ಇಟ್ಟ ಸದ್ದು. ಅದರಿಂದ ಏನೋ ದುಂಡಗಿನದು ಉರುಳಿ ನೆಲಕ್ಕೆ ಬಿದ್ದು, ಮತ್ತೊಂದು ಬಿದ್ದು, ಉರುಳುತ್ತ ಹೋಯಿತು. ಕುರ್ಚಿ ಎಳೆದರು. ದೂರದಿಂದ, ಹಸನ್ಮುಖದ ದನಿಯೊಂದು ತುಂಬು ಅಕ್ಕರೆಯಿಂದ ಕೇಳಿಸಿತು:

"ಏನಪ್ಪಾ, ಹೇಗಿದೀಯಾ? ನೋವಾ? ಆಗೋಗುತ್ತೆ ಬಿಡು. ಇಲ್ಲೊಂದು ಸಹಿ, ಅಷ್ಟೇ."

ತಮ್ಮನ ಹೆಂಡತಿಯ ಉಸಿರು ಒಮ್ಮೆ ನಿಂತು, ಮತ್ತೆ ಬಂದದ್ದು ಶೆಡ್ಡಿನಲ್ಲಿ ಇಬ್ಬರಿಗೂ ಕೇಳಿಸಿತು. ಬಳಿಕ ಅವಳು ಮಾತಾಡಿದಳು. ದನಿ ಈಗ ಬೇರೆ. ಮನೆಗೆ ಬಂದವರ ಎದುರು ಆಡುವ ದನಿ.

"ಹೂಂ ಅತ್ತಿಗೆ, ಮಾತ್ರೆ ಕೊಟ್ಟಾಯ್ತು. ನೀವು ಕೇಳಿದ್ರಲ್ಲ, ಅದೂ ಸಿಕ್ತು. ಇಲ್ಲೇ ಇದೆ, ಮಂಚದ ಪಕ್ಕದಲ್ಲೇ." ಅದೇ ಮರ್ಯಾದೆಯ ದನಿಯಲ್ಲಿ ಸೇರಿಸಿದಳು: "ಬೇಗ ಬನ್ನಿ ಅತ್ತಿಗೆ. ನಿಮ್ಮ ತಮ್ಮ ಪೆನ್ನು ತಗೊಂಡ್ರು."